ಮೂರು ದಾಟುಗಳ ನದಿ: ಜಪಾನೀಯರ ಮರಣಚಿಂತನೆಗೆ ಒಂದು ಪ್ರದರ್ಶನ ಮಂದಿರ

ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಹಿಡಿ ತಿರುಗಿಸಿದರೆ ಚಕ್ರ ಸುತ್ತುತ್ತದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೋಡಿದ ವಿದ್ಯಾರ್ಥಿಗಳಿಗೆ ಈ ಅನುಭವ ಹೊಸದಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತು ನೋಡುವ ಸಂಗ್ರಹಾಲಯದ ಬದಲು, ಮುಟ್ಟಿ ಮಾಡಿ ತಿಳಿಯುವ ಸಂಗ್ರಹಾಲಯ ಬೇಕೆಂಬ ವಿಚಾರ ಇಪ್ಪತ್ತನೆಯ ಶತಮಾನದ್ದು. 1903ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ಥಾಪನೆಯಾದ ಡಾಯ್ಚೆಸ್ ಮ್ಯೂಸಿಯಂ ಈ ದಾರಿಯಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟಿತು. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಎಕ್ಸ್‌ಪ್ಲೋರೇಟೋರಿಯಂ ಅದನ್ನು ಪೂರ್ಣಗೊಳಿಸಿತು.

ಸನ್ನೆಗೋಲು, ಅಯಸ್ಕಾಂತ, ಬೆಳಕಿನ ವಕ್ರೀಭವನ ಇವನ್ನು ಹೀಗೆ ತೋರಿಸಬಹುದು. ಪ್ರಕೃತಿ ನಿಯಮ ಯಾರು ಗುಂಡಿ ಒತ್ತಿದರೂ ಒಂದೇ ಉತ್ತರ ಕೊಡುತ್ತದೆ. ಆದರೆ ನಂಬಿಕೆಗೆ ಇಂಥ ಗುಂಡಿ ಉಂಟೆ? ಅದರಲ್ಲೂ ಸಾವಿನಂಥ ವಿಷಯದಲ್ಲಿ, ಮತ್ತೊಂದು ದೇಶದ ಜನ ಸಾವಿರ ವರ್ಷಗಳಿಂದ ನಂಬಿ ನಡೆದುಕೊಂಡು ಬಂದದ್ದನ್ನು ಹದಿನೈದು ವರ್ಷದ ಹುಡುಗನೊಬ್ಬ ಆಟದ ಸಾಮಾನಿನಂತೆ ಒತ್ತಿ ನೋಡಿ ಮುಂದೆ ಹೋಗುವಂತಾದರೆ ಅದು ಶಿಕ್ಷಣವೇ, ಅಪಚಾರವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಜಪಾನನ್ನು ಆರಿಸಿಕೊಳ್ಳೋಣ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಅಲ್ಲಿಯ ಮರಣ ಸಂಬಂಧಿ ನಂಬಿಕೆಗಳು ಹಳೆಯದನ್ನು ಅಳಿಸದೆ ಪದರ ಪದರವಾಗಿ ಬೆಳೆದುಬಂದಿವೆ. ಇನ್ನೊಂದು, ಆ ಪದರಗಳಲ್ಲಿ ಕೆಲವು ನಮ್ಮ ದೇಶದಿಂದಲೇ ಹೊರಟು, ಚೀನಾ ಕೊರಿಯಾಗಳನ್ನು ದಾಟಿ ಅಲ್ಲಿಗೆ ಹೋದವು. ಒಂದು ಪ್ರದರ್ಶನ ಮಂದಿರವನ್ನು ಐದು ಕೋಣೆಗಳಾಗಿ ಕಲ್ಪಿಸಿಕೊಂಡು, ಪ್ರತಿ ಕೋಣೆಯಲ್ಲಿ ಒಂದು ಕಾಲದ ಚಿಂತನೆಯನ್ನೂ ವೀಕ್ಷಕರು ತಾವೇ ಮಾಡಬಹುದಾದ ಒಂದು ಕೆಲಸವನ್ನೂ ಇಡೋಣ.

ಮೊದಲನೆಯ ಕೋಣೆ: ನೀರು

ಜಪಾನೀಯರ ಶವಸಂಸ್ಕಾರದ ಬಗ್ಗೆ ನಮಗೆ ದೊರೆಯುವ ಅತಿ ಹಳೆಯ ಬರಹ ಜಪಾನಿನದಲ್ಲ, ಚೀನಾದ್ದು. ಮೂರನೆಯ ಶತಮಾನದಲ್ಲಿ ರಚಿತವಾದ ವೇಯಿ ರಾಜ್ಯದ ಚರಿತ್ರೆಯಲ್ಲಿ ಈ ದ್ವೀಪವಾಸಿಗಳ ವರ್ಣನೆಯಿದೆ. ಸತ್ತವರ ಮನೆಯವರು ಹತ್ತಕ್ಕೂ ಹೆಚ್ಚು ದಿನ ಶೋಕ ಆಚರಿಸುತ್ತಾರೆ, ಆ ದಿನಗಳಲ್ಲಿ ಮಾಂಸ ತಿನ್ನುವುದಿಲ್ಲ, ಮನೆಯ ಮುಖ್ಯಸ್ಥ ಅಳುತ್ತಿದ್ದರೆ ಉಳಿದವರು ಹಾಡಿ ಕುಣಿದು ಮದ್ಯ ಕುಡಿಯುತ್ತಾರೆ, ಹೂಳಿದ ಮೇಲೆ ಮನೆಮಂದಿಯೆಲ್ಲ ನೀರಿಗಿಳಿದು ಸ್ನಾನ ಮಾಡಿ ಶುದ್ಧರಾಗುತ್ತಾರೆ ಎಂದು ಅದು ಹೇಳುತ್ತದೆ.

ಈ ಸ್ನಾನದ ಹಿಂದಿರುವ ಭಾವನೆಗೆ ಜಪಾನಿ ಭಾಷೆಯಲ್ಲಿ ‘ಕೆಗಾರೆ’ ಎನ್ನುತ್ತಾರೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಲಿಗೆ, ಸೂತಕ ಎಂಬ ಮಾತುಗಳು ನಮ್ಮಲ್ಲೇ ಇವೆ. 712ರಲ್ಲಿ ಸಿದ್ಧವಾದ ‘ಕೊಜಿಕಿ’ ಎಂಬ ಗ್ರಂಥ ಈ ಭಾವನೆಗೆ ಒಂದು ಪುರಾಣಕಥೆಯನ್ನು ಒದಗಿಸಿದೆ. ಅಗ್ನಿದೇವತೆಯನ್ನು ಹೆತ್ತಾಗ ಸುಟ್ಟು ಸತ್ತ ಇಝಾನಮಿ ಎಂಬ ದೇವಿಯನ್ನು ಮರಳಿ ಕರೆತರಲು ಅವಳ ಗಂಡ ಇಝಾನಗಿ ‘ಯೋಮಿ’ ಎಂಬ ಕತ್ತಲ ಲೋಕಕ್ಕೆ ಹೋಗುತ್ತಾನೆ. ಆದರೆ ಅವಳು ಆಗಲೇ ಅಲ್ಲಿಯ ಅಡುಗೆಯನ್ನು ಉಂಡುಬಿಟ್ಟಿರುತ್ತಾಳೆ. ನೋಡಬೇಡ ಎಂದರೂ ಕೇಳದೆ ಅವನು ತನ್ನ ಬಾಚಣಿಗೆಯ ಹಲ್ಲೊಂದನ್ನು ಮುರಿದು ಹೊತ್ತಿಸಿ ನೋಡಿದಾಗ ಕಾಣುವುದು ಹುಳು ಹತ್ತಿದ ದೇಹ. ಹೆದರಿ ಓಡಿಬಂದ ಅವನು ಬಾಗಿಲಿಗೆ ಬಂಡೆ ಅಡ್ಡ ಇಡುತ್ತಾನೆ. ಒಳಗಿನಿಂದ ಅವಳು, ದಿನಕ್ಕೆ ನಿನ್ನ ನಾಡಿನ 1,000 ಜನರನ್ನು ಕೊಲ್ಲುತ್ತೇನೆ ಎನ್ನುತ್ತಾಳೆ. ಹೊರಗಿನಿಂದ ಇವನು, ಹಾಗಾದರೆ ದಿನಕ್ಕೆ 1,500 ಮಕ್ಕಳು ಹುಟ್ಟುವಂತೆ ಮಾಡುತ್ತೇನೆ ಎನ್ನುತ್ತಾನೆ. ಆಮೇಲೆ ನದಿಯಲ್ಲಿ ಮೀಯುತ್ತಾನೆ. ಅವನು ಎಡಗಣ್ಣು ತೊಳೆದಾಗ ಹುಟ್ಟಿದವಳೇ ಸೂರ್ಯದೇವತೆ ಅಮತೆರಾಸು.

ಈ ಕೋಣೆಯಲ್ಲಿ ಎರಡು ದೀಪಗಳನ್ನು ಇಡಬೇಕು. ಕೆಂಪು ದೀಪ ಒಂದು ಸಾವಿಗೆ ಒಂದು ಸಲ, ಬಿಳಿ ದೀಪ ಒಂದು ಜನನಕ್ಕೆ ಒಂದು ಸಲ ಮಿನುಗಬೇಕು. ಕೊಜಿಕಿಯ ಲೆಕ್ಕದಂತೆ ಕೆಂಪು ದೀಪ ಸುಮಾರು 86 ಸೆಕೆಂಡಿಗೊಮ್ಮೆ, ಬಿಳಿ ದೀಪ ಸುಮಾರು 58 ಸೆಕೆಂಡಿಗೊಮ್ಮೆ ಮಿನುಗುತ್ತದೆ. ವೀಕ್ಷಕರು ಒಂದು ಕೀಲನ್ನು ಸರಿಸಿ 2023ಕ್ಕೆ ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಆ ವರ್ಷ ಜಪಾನಿನಲ್ಲಿ ಸುಮಾರು 15 ಲಕ್ಷ 76 ಸಾವಿರ ಜನ ತೀರಿಕೊಂಡರು, ಹುಟ್ಟಿದ ಮಕ್ಕಳು ಸುಮಾರು 7 ಲಕ್ಷ 27 ಸಾವಿರ. ಕೆಂಪು ದೀಪ 20 ಸೆಕೆಂಡಿಗೊಮ್ಮೆ, ಬಿಳಿ ದೀಪ 43 ಸೆಕೆಂಡಿಗೊಮ್ಮೆ ಮಿನುಗತೊಡಗುತ್ತದೆ. ಪುರಾಣದ ಮಾತನ್ನು ಇಂದಿನ ಅಂಕಿ ಅಂಶದ ಪಕ್ಕದಲ್ಲಿಟ್ಟಾಗ, ವೃದ್ಧರೇ ತುಂಬಿದ ಸಮಾಜವೊಂದರ ಚಿಂತೆ ಒಂದು ಪುಟ ಓದದೆಯೂ ಅರ್ಥವಾಗುತ್ತದೆ.

ಇದೇ ಕೋಣೆಯಲ್ಲಿ ‘ಕೊಫುನ್’ ಎಂಬ ದಿಬ್ಬದ ಸಮಾಧಿಗಳ ಮಾದರಿಯೂ ಇರಬೇಕು. ಮೂರನೆಯ ಶತಮಾನದಿಂದ ಏಳನೆಯ ಶತಮಾನದವರೆಗೆ ಕಟ್ಟಿದ ಇಂಥ ಸಮಾಧಿಗಳು ಜಪಾನಿನಲ್ಲಿ ಸುಮಾರು 1 ಲಕ್ಷ 60 ಸಾವಿರ ಇವೆ. ಸಕಾಯಿ ನಗರದ ದೈಸೆನ್ ಕೊಫುನ್ ಬೀಗದ ಕೈ ತೂರಿಸುವ ಕಿಂಡಿಯ ಆಕಾರದ್ದು, ಉದ್ದ ಸುಮಾರು 486 ಮೀಟರ್. 2019ರಲ್ಲಿ ಅದೂ ಸೇರಿ ಆ ಪ್ರದೇಶದ 49 ಕೊಫುನ್‌ಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದು ನಿಂತೊಕು ಚಕ್ರವರ್ತಿಯ ಸಮಾಧಿ ಎಂಬುದು ಸಂಪ್ರದಾಯದ ಮಾತು. ರಾಜಮನೆತನದ ಪೂರ್ವಿಕರ ವಿಶ್ರಾಂತಿಸ್ಥಳವೆಂದು ಅಲ್ಲಿಯ ಅರಮನೆ ಇಲಾಖೆ ಅದನ್ನು ಕಾಯುತ್ತಿದೆ, ಸಾರ್ವಜನಿಕರಿಗೆ ಒಳಗೆ ಪ್ರವೇಶವಿಲ್ಲ. ಆದ್ದರಿಂದ ನಮ್ಮ ಮಾದರಿಯ ಮುಚ್ಚಳವೂ ತೆರೆಯಬಾರದು. ತೆರೆಯಲು ಯತ್ನಿಸಿದ ವೀಕ್ಷಕನಿಗೆ ‘ಇದು ಇಂದಿಗೂ ಮುಚ್ಚಿದೆ’ ಎಂಬ ಬರಹ ಕಂಡರೆ ಅದೂ ಒಂದು ಪಾಠವೇ.

ಎರಡನೆಯ ಕೋಣೆ: ಬೆಂಕಿ

ಆರನೆಯ ಶತಮಾನದ ಮಧ್ಯದಲ್ಲಿ ಕೊರಿಯಾದ ಮೂಲಕ ಬೌದ್ಧಧರ್ಮ ಜಪಾನಿಗೆ ಬಂದಿತು. ಗ್ರಂಥಗಳು ಇದಕ್ಕೆ 538 ಮತ್ತು 552 ಎಂಬ ಎರಡು ವರ್ಷಗಳನ್ನು ಹೇಳುತ್ತವೆ. ಹೆಣವನ್ನು ಮುಟ್ಟಲು ಹೆದರುತ್ತಿದ್ದ ಸಮಾಜಕ್ಕೆ, ಹೆಣದ ಪಕ್ಕದಲ್ಲಿ ಕುಳಿತು ಮಂತ್ರ ಹೇಳಬಲ್ಲ ಭಿಕ್ಷುಗಳು ದೊರೆತರು. 646ರಲ್ಲಿ ದೊಡ್ಡ ಸಮಾಧಿಗಳನ್ನು ಕಟ್ಟುವುದಕ್ಕೆ ಮಿತಿ ಹಾಕಿದ ರಾಜಾಜ್ಞೆಯೊಂದು ಹೊರಟಿತು. ಜನರ ಬೆವರು ಮಣ್ಣಿನ ದಿಬ್ಬಗಳಲ್ಲಿ ವ್ಯರ್ಥವಾಗುವುದನ್ನು ತಡೆಯುವುದು ಅದರ ಉದ್ದೇಶಗಳಲ್ಲಿ ಒಂದು.

ಅಧಿಕೃತ ದಾಖಲೆಯ ಪ್ರಕಾರ ಜಪಾನಿನಲ್ಲಿ ಮೊದಲು ದಹನವಾದದ್ದು 700ರಲ್ಲಿ ತೀರಿಕೊಂಡ ದೋಶೋ ಎಂಬ ಭಿಕ್ಷುವಿನ ದೇಹ. ಅದಕ್ಕಿಂತ ಹಿಂದಿನ ಸುಟ್ಟ ಅಸ್ಥಿಗಳು ಉತ್ಖನನದಲ್ಲಿ ದೊರೆತಿದ್ದರೂ ದಾಖಲೆಗೆ ಬಂದ ಮೊದಲ ಹೆಸರು ಅವನದು. ಈ ದೋಶೋ 653ರಲ್ಲಿ ಚೀನಾಕ್ಕೆ ಹೋಗಿ ಹ್ಯುಯೆನ್ ತ್ಸಾಂಗನ ಬಳಿ ಕಲಿತವನು. ಹ್ಯುಯೆನ್ ತ್ಸಾಂಗ್ ಎಂದೊಡನೆ ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಇಮ್ಮಡಿ ಪುಲಕೇಶಿ ನೆನಪಾಗಬೇಕು. ಬಾದಾಮಿ ಚಾಲುಕ್ಯರ ಆ ದೊರೆಯ ರಾಜ್ಯವನ್ನು ಸುಮಾರು 641ರಲ್ಲಿ ಸುತ್ತಿ, ಅಲ್ಲಿಯ ಜನರ ಸ್ವಾಭಿಮಾನವನ್ನೂ ದೊರೆಯ ಪರಾಕ್ರಮವನ್ನೂ ಬರೆದಿಟ್ಟವನು ಇದೇ ಯಾತ್ರಿಕ. ಹನ್ನೆರಡು ವರ್ಷಗಳ ನಂತರ ಅವನ ಶಿಷ್ಯಮಂಡಲಿಗೆ ಸೇರಿದ ತರುಣನೊಬ್ಬನ ಚಿತೆ ಮುಂದೆ ಜಪಾನಿನ ಇತಿಹಾಸದಲ್ಲಿ ದಾಖಲಾಯಿತು. 703ರಲ್ಲಿ ಸಾಮ್ರಾಜ್ಞಿ ಜಿತೋಳ ದೇಹವನ್ನೂ ದಹಿಸಿ, ಅಸ್ಥಿಯನ್ನು ಅವಳ ಗಂಡನ ಸಮಾಧಿಯಲ್ಲೇ ಇರಿಸಿದರು. ಅರಸುಮನೆತನದಲ್ಲಿ ಅದೇ ಮೊದಲ ದಹನ.

ಈ ಕೋಣೆಯಲ್ಲಿ ಒಂದು ದೊಡ್ಡ ಭೂಪಟ ಸಾಕು. ವೀಕ್ಷಕರು ಒಂದು ಸಂಸ್ಕೃತ ಶಬ್ದದ ಬಿಲ್ಲೆಯನ್ನು ಭಾರತದ ಮೇಲಿಟ್ಟರೆ, ಅದು ಚೀನಾ ದಾಟಿ ಜಪಾನು ಮುಟ್ಟಿದಾಗ ಏನಾಯಿತೆಂಬುದು ಕಿವಿಗೆ ಕೇಳಿಸಬೇಕು. ಯಮ ಅಲ್ಲಿ ‘ಎಮ್ಮಾ’ ಅಥವಾ ‘ಎನ್ಮಾ’, ಅಮಿತಾಭ ‘ಅಮಿದಾ’, ನರಕ ‘ನರಾಕು’, ಸ್ತೂಪ ‘ಸೊತೋಬಾ’. ಸ್ತೂಪವೆಂದರೆ ಅಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆ. ಅದರ ಮೇಲೆ ಇಂದಿಗೂ ಸಿದ್ಧಂ ಎಂಬ ಪ್ರಾಚೀನ ಭಾರತೀಯ ಲಿಪಿಯ ಅಕ್ಷರಗಳನ್ನು ಬರೆಯುತ್ತಾರೆ. ಬುದ್ಧನ ಅಸ್ಥಿಯನ್ನು ಸೂಚಿಸುವ ‘ಶರೀರ’ ಶಬ್ದ ಅಲ್ಲಿ ‘ಶರಿ’ ಆಯಿತು. ಆ ಬಿಳಿಯ ಕಣಗಳನ್ನು ಹೋಲುವುದೆಂದು ಅಕ್ಕಿಯ ಅನ್ನಕ್ಕೂ ಶರಿ ಎಂಬ ಹೆಸರು ಬಿತ್ತು.

ಮೂರನೆಯ ಕೋಣೆ: ತಕ್ಕಡಿ ಮತ್ತು ಕನ್ನಡಿ

985ರಲ್ಲಿ ಗೆನ್‌ಶಿನ್ ಎಂಬ ಭಿಕ್ಷು ‘ಓಜೋಯೋಶೂ’ ಎಂಬ ಗ್ರಂಥವನ್ನು ಪೂರ್ಣಗೊಳಿಸಿದ. ನರಕಗಳ ವಿವರ, ಅಮಿತಾಭನ ಸುಖಾವತಿ ಲೋಕದ ವಿವರ, ಸಾಯುವ ಕ್ಷಣದಲ್ಲಿ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಉಪದೇಶ ಈ ಮೂರೂ ಅದರಲ್ಲಿವೆ. 1052ರಿಂದ ಧರ್ಮದ ಅವನತಿಯ ಯುಗ ಆರಂಭವಾಗುತ್ತದೆಂದು ಆಗಿನ ಜಪಾನೀಯರು ನಂಬಿದ್ದರು. ಅದರ ಮರುವರ್ಷವೇ, 1053ರಲ್ಲಿ, ಉಜಿ ಎಂಬಲ್ಲಿ ಬ್ಯೋದೋಯಿನ್ ದೇವಾಲಯದ ಫೀನಿಕ್ಸ್ ಮಂದಿರ ಸಿದ್ಧವಾಯಿತು. ಕೊಳದ ಆಚೆ ದಡದಲ್ಲಿ ಸುಖಾವತಿಯೇ ಇಳಿದು ಬಂದಂತೆ ಅದನ್ನು ಕಟ್ಟಿದ್ದಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ವೀಕ್ಷಕನೂ ಭಾಗವಹಿಸುವ ಪ್ರದರ್ಶನವನ್ನು ಜಪಾನೀಯರು ಸಾವಿನ ವಿಷಯದಲ್ಲಿ ಬಹಳ ಹಿಂದೆಯೇ ರೂಪಿಸಿಕೊಂಡಿದ್ದರು. ಸಾಯುತ್ತಿರುವವನ ಮುಂದೆ ಅಮಿತಾಭ ಬೆಟ್ಟದ ಹಿಂದಿನಿಂದ ಎದ್ದು ಬರುವ ಚಿತ್ರವನ್ನು ಇಟ್ಟು, ಚಿತ್ರದ ಕೈಗಳಿಗೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಡುತ್ತಿದ್ದರು. ಕ್ಯೋಟೋದ ಕೊಂಕಾಯಿ ಕೋಮ್ಯೋಜಿ ದೇವಾಲಯದಲ್ಲಿರುವ ಇಂಥ ಒಂದು ಚಿತ್ರದಲ್ಲಿ ಆ ದಾರದ ಎಳೆಗಳು ಈಗಲೂ ಉಳಿದಿವೆ. ಹನ್ನೊಂದನೆಯ ಶತಮಾನದ ಬಲಿಷ್ಠ ಮಂತ್ರಿ ಫುಜಿವಾರಾ ನೋ ಮಿಚಿನಾಗ ಅಮಿತಾಭನ ಮೂರ್ತಿಗಳಿಗೆ ಕಟ್ಟಿದ ದಾರವನ್ನು ಹಿಡಿದೇ ಪ್ರಾಣಬಿಟ್ಟನೆಂದು ಆ ಕಾಲದ ಕಥನವೊಂದು ವರ್ಣಿಸುತ್ತದೆ.

ಮುಂದಿನ ಶತಮಾನಗಳಲ್ಲಿ ಕುಮಾನೋ ಕ್ಷೇತ್ರದ ಭಿಕ್ಷುಣಿಯರು ಚಿತ್ರಪಟಗಳನ್ನು ಸುರುಳಿ ಸುತ್ತಿಕೊಂಡು ಊರೂರು ತಿರುಗಿದರು. ಸಂತೆಯಲ್ಲಿ, ಸೇತುವೆಯ ಬಳಿ ಪಟವನ್ನು ಹರಡಿ, ಕೋಲಿನಿಂದ ಒಂದೊಂದೇ ಭಾಗವನ್ನು ತೋರಿಸಿ ಕಥೆ ಹೇಳುತ್ತಿದ್ದರು. ಪಟದ ಮೇಲ್ಭಾಗದಲ್ಲಿ ಕಮಾನಿನ ಆಕಾರದ ಏರು ದಾರಿ. ಬಲಗಡೆ ಅಂಬೆಗಾಲಿಡುವ ಮಗು, ನೆತ್ತಿಯಲ್ಲಿ ಯೌವನ, ಎಡಗಡೆ ಇಳಿಜಾರಿನಲ್ಲಿ ಮುಪ್ಪು. ಕೆಳಗೆ ನರಕದ ನೋಟಗಳು. ಇದಕ್ಕಿಂತ ಒಳ್ಳೆಯ ಪ್ರದರ್ಶಿಕೆಯನ್ನು ಇಂದಿನ ಯಾವ ವಿನ್ಯಾಸಕಾರ ಮಾಡಿಯಾನು? ನಮ್ಮ ಮೂರನೆಯ ಕೋಣೆಯಲ್ಲಿ ಧ್ವನಿಮುದ್ರಿಕೆಗಿಂತ ಕೋಲು ಹಿಡಿದು ಕಥೆ ಹೇಳುವ ಒಬ್ಬ ಮನುಷ್ಯರು ಇರುವುದೇ ಮೇಲು.

ಸತ್ತವರು ಮುಂದೆ ಏನಾಗುತ್ತಾರೆ? ಒಂದು ಸಾವಿಗೂ ಮುಂದಿನ ಜನ್ಮಕ್ಕೂ ನಡುವಿನ ಸ್ಥಿತಿಯನ್ನು ಭಾರತದ ಬೌದ್ಧ ಶಾಸ್ತ್ರಕಾರರು ‘ಅಂತರಾಭವ’ ಎಂದು ಕರೆದರು. ಅದು ಏಳು ದಿನಗಳ ಏಳು ಸುತ್ತು, ಅಂದರೆ 49 ದಿನ ಇರಬಹುದೆಂಬ ಅಭಿಪ್ರಾಯ ಅವರಲ್ಲಿತ್ತು. ಚೀನೀಯರು ಇದಕ್ಕೆ ತಮ್ಮ ಕಚೇರಿ ಪದ್ಧತಿಯನ್ನು ಸೇರಿಸಿ, ಹತ್ತು ಮಂದಿ ರಾಜರ ಹತ್ತು ನ್ಯಾಯಾಲಯಗಳನ್ನು ಕಲ್ಪಿಸಿದರು. ಐದನೆಯ ಏಳನೆಯ ದಿನದ ನ್ಯಾಯಾಧೀಶ ನಮ್ಮ ಯಮ. ಜಪಾನೀಯರು ಇದರ ಜೊತೆಗೆ ‘ಸಾನ್‌ಝು’ ನದಿಯನ್ನು ಬೆಳೆಸಿಕೊಂಡರು. ಪುಣ್ಯವಂತರಿಗೆ ಸೇತುವೆ, ಅಲ್ಪ ಪಾಪಿಗಳಿಗೆ ತಿಳಿನೀರು, ಘೋರ ಪಾಪಿಗಳಿಗೆ ಸೆಳೆತದ ಮಡು, ಹೀಗೆ ಮೂರು ದಾಟು. ದೋಣಿಯವನಿಗೆಂದು ಹೆಣದ ಜೊತೆ ಆರು ನಾಣ್ಯ ಇಡುತ್ತಿದ್ದರು. ಚಿತಾಗಾರಗಳ ಈ ಕಾಲದಲ್ಲಿ ನಾಣ್ಯಗಳ ಚಿತ್ರ ಅಚ್ಚಾದ ಕಾಗದವನ್ನು ಇಡುವುದುಂಟು. ನದಿಯ ದಡದಲ್ಲಿ ದತ್ಸುಎಬಾ ಎಂಬ ಮುದುಕಿ ಸತ್ತವರ ಬಟ್ಟೆ ಕಳಚುತ್ತಾಳೆ, ಅವಳ ಜೊತೆಗಾರ ಮುದುಕ ಅದನ್ನು ಮರದ ಕೊಂಬೆಗೆ ನೇತುಹಾಕುತ್ತಾನೆ. ಪಾಪ ಎಷ್ಟೋ ಕೊಂಬೆ ಅಷ್ಟು ಬಾಗುತ್ತದೆ.

ಕೊಂಬೆಯ ಪ್ರದರ್ಶಿಕೆ ಸುಲಭ. ಒಂದು ಸನ್ನೆಗೋಲು, ಒಂದು ಸುರುಳಿ ಸ್ಪ್ರಿಂಗು ಸಾಕು. ಯಮನ ಮುಂದಿರುವ ಸ್ಫಟಿಕದ ಕನ್ನಡಿಯಲ್ಲಿ ಬದುಕಿದ್ದಾಗ ಮಾಡಿದ್ದೆಲ್ಲ ಕಾಣುತ್ತದೆಂಬ ನಂಬಿಕೆಯನ್ನೂ ಅರ್ಧ ಪಾರದರ್ಶಕ ಗಾಜಿನಿಂದ ತೋರಿಸಬಹುದು. ಕಷ್ಟವಿರುವುದು ಬೇರೆಡೆ. ಕುಮಾನೋ ಪಟದ ಕೆಳಭಾಗದಲ್ಲಿ ‘ರಕ್ತದ ಕೊಳ’ ಎಂಬ ನರಕವಿದೆ. ಹೆರಿಗೆಯ ಮತ್ತು ಮುಟ್ಟಿನ ರಕ್ತ ಭೂಮಿಯನ್ನು ಮೈಲಿಗೆ ಮಾಡಿತೆಂಬ ಕಾರಣಕ್ಕೆ ಹೆಂಗಸರು ಬೀಳುವ ನರಕ ಅದು. ಇದನ್ನು ಹೇಳುವ ಸೂತ್ರ ಬುದ್ಧವಚನವೆಂಬ ಹೆಸರು ಹೊತ್ತಿದ್ದರೂ ಚೀನಾದಲ್ಲಿ ರಚಿತವಾದದ್ದು. ಪಟವನ್ನು ಹೊತ್ತು ತಿರುಗಿದವರೂ ಹೆಂಗಸರೇ, ಅದನ್ನು ನೋಡಿ ಅತ್ತವರೂ ಹೆಂಗಸರೇ.

ಈಗ ಯೋಚಿಸಿ. ವೀಕ್ಷಕರು ಗಂಡೋ ಹೆಣ್ಣೋ ಎಂದು ಕೇಳಿ, ‘ಹೆಣ್ಣು’ ಎಂದವರಿಗೆ ಯಂತ್ರ ರಕ್ತದ ಕೊಳವನ್ನು ತೋರಿಸಿದರೆ ಅದು ಇತಿಹಾಸಕ್ಕೆ ನಿಷ್ಠವೇ ಆಗಿರುತ್ತದೆ. ಆದರೆ ಶಾಲೆಯ ಹುಡುಗಿಯೊಬ್ಬಳು ತನ್ನ ಸಹಪಾಠಿಗಳ ಮುಂದೆ ಆ ತೀರ್ಪನ್ನು ಪಡೆದು ಹೊರಗೆ ಹೋಗುವುದು ಸರಿಯಲ್ಲ. ಅದನ್ನು ಮುಚ್ಚಿಟ್ಟು ಸುಂದರ ಚಿತ್ರಗಳನ್ನಷ್ಟೆ ತೋರಿಸುವುದೂ ಸರಿಯಲ್ಲ, ಏಕೆಂದರೆ ಆಗ ನೂರಾರು ವರ್ಷ ಆ ಭಯವನ್ನು ಹೊತ್ತವರ ಸುದ್ದಿಯೇ ಇಲ್ಲವಾಗುತ್ತದೆ. ನನ್ನ ಸಲಹೆ ಹೀಗಿದೆ. ಪಟವನ್ನು ಪೂರ್ತಿಯಾಗಿ ತೋರಿಸಬೇಕು, ರಕ್ತದ ಕೊಳವನ್ನು ಹೆಸರಿಟ್ಟು ವಿವರಿಸಬೇಕು, ಆದರೆ ಯಂತ್ರ ಯಾರಿಗೂ ತೀರ್ಪು ಕೊಡಬಾರದು. ಯಮನ ಕನ್ನಡಿಯಲ್ಲಿ ವೀಕ್ಷಕರಿಗೆ ಅವರವರ ಮುಖ ಮಾತ್ರ ಕಾಣಲಿ.

ನಾಲ್ಕನೆಯ ಕೋಣೆ: ದಫ್ತರು

ಹದಿನೇಳನೆಯ ಶತಮಾನದಲ್ಲಿ ಸಾವು ಸರ್ಕಾರದ ಲೆಕ್ಕಕ್ಕೆ ಸೇರಿತು. ತೊಕುಗಾವಾ ಆಡಳಿತ 1614ರಲ್ಲಿ ಕ್ರೈಸ್ತಮತವನ್ನು ದೇಶಾದ್ಯಂತ ನಿಷೇಧಿಸಿತು. 1637-38ರಲ್ಲಿ ಶಿಮಬಾರಾ ಎಂಬಲ್ಲಿ ಕ್ರೈಸ್ತ ರೈತರು ದಂಗೆಯೆದ್ದ ಮೇಲೆ ಬಿಗಿ ಹೆಚ್ಚಿತು. ಪ್ರತಿ ಕುಟುಂಬವೂ ತಾನು ಕ್ರೈಸ್ತನಲ್ಲವೆಂದು ಒಂದು ಬೌದ್ಧ ದೇವಾಲಯದಿಂದ ಪ್ರಮಾಣಪತ್ರ ಪಡೆಯಬೇಕಾಯಿತು. 1671ರಿಂದ ಊರೂರಿನ ಪಟ್ಟಿ ಕಡ್ಡಾಯವಾಯಿತು. ದೇವಾಲಯಕ್ಕೆ ಸೇರಿದ ಇಂಥ ಮನೆಗಳನ್ನು ‘ದಂಕಾ’ ಎಂದು ಕರೆದರು. ‘ದಾನ’ ಎಂಬ ನಮ್ಮ ಮಾತೇ ಅದರ ಮೂಲ. ದಾನ ಕೊಡುವ ಮನೆ ಹೀಗೆ ದಾನ ಕೊಡಲೇಬೇಕಾದ ಮನೆಯಾಯಿತು. ಶವಸಂಸ್ಕಾರ, 49ನೆಯ ದಿನ, ವರ್ಷಾಬ್ದಿ, 33ನೆಯ ವರ್ಷದವರೆಗಿನ ತಿಥಿಗಳು ಎಲ್ಲವೂ ಒಂದೇ ದೇವಾಲಯದಲ್ಲಿ ನಡೆಯಬೇಕಾಗಿದ್ದವು.

ಸತ್ತವರಿಗೆ ಭಿಕ್ಷು ‘ಕೈಮ್ಯೋ’ ಎಂಬ ಹೊಸ ಹೆಸರನ್ನು ಕೊಡುತ್ತಾನೆ. ಸತ್ತವರು ಬುದ್ಧನ ಶಿಷ್ಯರಾದರೆಂಬುದರ ಗುರುತು ಅದು. ಬುದ್ಧನ ಶಿಷ್ಯರಲ್ಲಿ ಮೇಲು ಕೀಳು ಇರಬಾರದು. ಆದರೆ ಹೆಸರುಗಳಲ್ಲಿ ದರ್ಜೆ ಬಂದಿತು. ಉಳ್ಳವರಿಗೆ ಉದ್ದದ ಹೆಸರು, ಇಲ್ಲದವರಿಗೆ ಗಿಡ್ಡ ಹೆಸರು. ಇದಕ್ಕಿಂತ ಕ್ರೂರವಾದದ್ದೊಂದಿತ್ತು. ಸತ್ತ ದನಗಳ ಚರ್ಮ ಸುಲಿಯುವುದು, ಹೆಣ ಸಾಗಿಸುವುದು ಮುಂತಾದ ಕೆಲಸ ಮಾಡುತ್ತಿದ್ದವರನ್ನು ಮೈಲಿಗೆಯವರೆಂದು ಊರ ಹೊರಗೆ ಇಟ್ಟಿದ್ದರು. ಅವರ ಪೈಕಿ ಹಲವರಿಗೆ ಸತ್ತ ಮೇಲೂ ‘ಮೃಗ’, ‘ಹೀನ’ ಎಂಬಂಥ ಅರ್ಥದ ಅಕ್ಷರಗಳಿರುವ ಹೆಸರುಗಳನ್ನು ಕೊಟ್ಟು ಕಲ್ಲಿನಲ್ಲಿ ಕೆತ್ತಿಸಿದರು. 1980ರ ದಶಕದಲ್ಲಿ ಇದರ ವಿರುದ್ಧ ಚಳವಳಿ ಬಲಗೊಂಡಾಗ ಸೋತೋ ಝೆನ್ ಮುಂತಾದ ಪಂಥಗಳು ತಪ್ಪನ್ನು ಒಪ್ಪಿಕೊಂಡು ಹೆಸರುಗಳನ್ನು ತಿದ್ದುವ ಕೆಲಸಕ್ಕೆ ಇಳಿದವು. ಸಾವು ಎಲ್ಲರನ್ನೂ ಸಮಾನರನ್ನಾಗಿ ಮಾಡುತ್ತದೆ ಎಂಬ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಆ ಸಮಾಧಿಕಲ್ಲುಗಳು ಅದನ್ನು ಸುಳ್ಳು ಮಾಡಿವೆ. ಜಾತಿಗೊಂದು ಸ್ಮಶಾನ ಕಂಡಿರುವ ನಮಗೆ ಇದು ದೂರದ ದೇಶದ ವಿಚಿತ್ರ ಸಂಗತಿಯಾಗಿ ತೋರಬೇಕಾಗಿಲ್ಲ.

ಈ ಕೋಣೆಗೆ ಬರುವ ಪ್ರತಿ ವೀಕ್ಷಕರಿಗೂ ಒಂದು ಚೀಟಿ ಕೊಡಬೇಕು. ಒಬ್ಬರಿಗೆ ಸಮುರಾಯ್, ಇನ್ನೊಬ್ಬರಿಗೆ ಗದ್ದೆಯ ರೈತನ ಹೆಂಡತಿ, ಮತ್ತೊಬ್ಬರಿಗೆ ಚರ್ಮ ಹದ ಮಾಡುವವ. ಯಾವುದು ಬೇಕೆಂದು ಆರಿಸಿಕೊಳ್ಳುವಂತಿಲ್ಲ, ಹುಟ್ಟನ್ನು ಯಾರೂ ಆರಿಸಿಕೊಂಡಿರುವುದಿಲ್ಲವಲ್ಲ. ಮೇಜಿನಿಂದ ಮೇಜಿಗೆ ಹೋಗಿ ಮೊಹರು ಹಾಕಿಸಿಕೊಂಡು, ಕೊನೆಗೆ ತಮಗೆ ಸಿಕ್ಕ ಹೆಸರನ್ನೂ ಅದರ ಅರ್ಥವನ್ನೂ ಓದಬೇಕು. ಚೀಟಿಯ ಮೇಲಿನ ಹೆಸರುಗಳೆಲ್ಲ ಕಲ್ಪಿತವಾಗಿರಬೇಕು. ನಿಜವಾದ ಹಳೆಯ ದಫ್ತರನ್ನು ಇಲ್ಲಿ ತೆರೆದಿಡಬಾರದು. 1872ರ ಕುಟುಂಬ ನೋಂದಣಿ ಪುಸ್ತಕಗಳನ್ನು ನೋಡಿ ಮದುವೆ, ನೌಕರಿಗಳಲ್ಲಿ ಜನರನ್ನು ಹಿಂದಿನ ಅಂತಸ್ತಿನ ಮೇಲೆ ದೂರವಿಡುವುದು ನಡೆದಿದ್ದರಿಂದ ಜಪಾನಿನಲ್ಲಿ 1968ರಲ್ಲಿ ಅವನ್ನು ಸಾರ್ವಜನಿಕರಿಗೆ ಮುಚ್ಚಿದರು. ಸತ್ತವರ ದಾಖಲೆ ಬದುಕಿರುವವರನ್ನು ಗಾಯಗೊಳಿಸಬಲ್ಲುದು.

ಇದೇ ಕೋಣೆಯ ಗೋಡೆಯ ಮೇಲೆ ಎರಡು ಸರ್ಕಾರಿ ಆಜ್ಞೆಗಳನ್ನು ಅಕ್ಕಪಕ್ಕ ತೂಗುಹಾಕಬಹುದು. ಮೇಜಿ ಸರ್ಕಾರ ಷಿಂಟೋ ಮತವನ್ನು ಎತ್ತಿಹಿಡಿದು, ದಹನ ಬೌದ್ಧರ ಪದ್ಧತಿಯೆಂದು 1873ರ ಜುಲೈಯಲ್ಲಿ ಅದನ್ನು ನಿಷೇಧಿಸಿತು. ನಗರಗಳಲ್ಲಿ ಹೂಳಲು ಜಾಗ ಸಾಲದಾಯಿತು. ದಹನವೇ ಆರೋಗ್ಯಕರವೆಂಬ ವಾದವೂ ಎದ್ದಿತು. 1875ರ ಮೇ ತಿಂಗಳಲ್ಲಿ ನಿಷೇಧ ರದ್ದಾಯಿತು. 1897ರ ಸಾಂಕ್ರಾಮಿಕ ರೋಗ ಕಾಯಿದೆ ಅಂಥ ರೋಗದಿಂದ ಸತ್ತವರ ದಹನವನ್ನೇ ಕಡ್ಡಾಯಗೊಳಿಸಿತು. ಈಗ ಜಪಾನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಮಂದಿಗೆ ದಹನವೇ ಆಗುತ್ತದೆ. ಅನಾದಿಕಾಲದ ಸಂಪ್ರದಾಯವೆಂದು ನಾವು ತಿಳಿಯುವುದನ್ನು ಕೆಲವು ಸಲ ನೂರೈವತ್ತು ವರ್ಷಗಳ ಆಡಳಿತವೇ ರೂಪಿಸಿರುತ್ತದೆ.

ಐದನೆಯ ಕೋಣೆ: ಮನೆ

ಕೊನೆಯ ಕೋಣೆ ಒಂದು ಸಾಧಾರಣ ಮನೆಯ ನಡುಮನೆಯಂತಿರಬೇಕು. ಚಾಪೆ ಹಾಸಿದ ನೆಲ, ಗೋಡೆಯ ಬಳಿ ‘ಬುತ್ಸುದಾನ್’ ಎಂಬ ಕಪಾಟಿನಂಥ ಪೂಜಾಪೀಠ, ಅದರಲ್ಲಿ ಹಿರಿಯರ ಹೆಸರಿನ ಸಣ್ಣ ಹಲಗೆಗಳು, ಒಂದು ಬಟ್ಟಲು ಅನ್ನ, ಗಂಟೆ, ಊದುಬತ್ತಿ. ಪಾದರಕ್ಷೆ ಬಿಟ್ಟು ಒಳಗೆ ಬರಬೇಕು.

ಇಲ್ಲಿ ಕಲಿಯಬೇಕಾದವು ಸಣ್ಣ ಸಂಗತಿಗಳು. ಸತ್ತವರ ತಲೆಯನ್ನು ಉತ್ತರಕ್ಕೆ ಇಟ್ಟು ಮಲಗಿಸುತ್ತಾರೆ, ಬುದ್ಧ ಪರಿನಿರ್ವಾಣದಲ್ಲಿ ಹಾಗೆ ಮಲಗಿದ್ದನೆಂಬ ಕಾರಣಕ್ಕೆ. ಆದ್ದರಿಂದ ಬದುಕಿದ್ದವರು ಉತ್ತರಕ್ಕೆ ತಲೆ ಹಾಕುವುದಿಲ್ಲ. ನಿಲುವಂಗಿಯ ಬಲ ಅಂಚನ್ನು ಎಡದ ಮೇಲೆ ತಂದು ಉಡಿಸುವುದು ಸತ್ತವರಿಗೆ ಮಾತ್ರ. ದಹನದ ನಂತರ ಬಂಧುಗಳು ಕಡ್ಡಿಗಳಿಂದ ಅಸ್ಥಿಗಳನ್ನು ಆಯ್ದು ಕುಂಭದಲ್ಲಿ ಹಾಕುತ್ತಾರೆ. ಇಬ್ಬರು ಸೇರಿ ಒಂದೇ ಚೂರನ್ನು ಹಿಡಿಯುತ್ತಾರೆ. ಸತ್ತವರು ಕುಂಭದಲ್ಲಿ ತಲೆಕೆಳಗಾಗಬಾರದೆಂದು ಪಾದದಿಂದ ಆರಂಭಿಸಿ ಮೇಲಕ್ಕೆ ಬರುತ್ತಾರೆ. ಕೊನೆಗೆ ‘ಗಂಟಲ ಬುದ್ಧ’ ಎಂದು ಕರೆಯುವ ಎಲುಬು. ಶರೀರಶಾಸ್ತ್ರದ ಪ್ರಕಾರ ಅದು ಗಂಟಲಿನದಲ್ಲ, ಕುತ್ತಿಗೆಯ ಎರಡನೆಯ ಕಶೇರುಕ. ಕುಳಿತು ಧ್ಯಾನಿಸುವ ಬುದ್ಧನ ಆಕಾರ ಅದಕ್ಕಿದೆ. ಈ ಕಾರಣದಿಂದಲೇ ಜಪಾನಿನಲ್ಲಿ ಊಟ ಮಾಡುವಾಗ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸುವುದು ದೊಡ್ಡ ತಪ್ಪು.

ವೀಕ್ಷಕರಿಗೆ ಇಲ್ಲಿ ಕೊಡಬಹುದಾದ ಕೆಲಸ ಓಬೋನ್ ಹಬ್ಬದ್ದು. ಮೌದ್ಗಲ್ಯಾಯನನು ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಉದ್ಧರಿಸಿದ ಬೌದ್ಧ ಕಥೆ ಈ ಹಬ್ಬಕ್ಕೆ ಮೂಲ. 657ರಲ್ಲೇ ಅದನ್ನು ಆಚರಿಸಿದ ದಾಖಲೆಯಿದೆ. ಈಗ ಹೆಚ್ಚಿನ ಕಡೆ ಆಗಸ್ಟ್ ಮಧ್ಯದಲ್ಲಿ ಹಿರಿಯರು ಮನೆಗೆ ಬರುತ್ತಾರೆಂದು ಭಾವಿಸುತ್ತಾರೆ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡಿ ಇಡುತ್ತಾರೆ. ಬರುವಾಗ ಬೇಗ ಬರಲೆಂದು ಕುದುರೆ, ಹೋಗುವಾಗ ನಿಧಾನವಾಗಿ ಹೋಗಲೆಂದು ಹಸು. ಆಗಸ್ಟ್ 16ರ ರಾತ್ರಿ ಕ್ಯೋಟೋದ ಸುತ್ತಲ ಬೆಟ್ಟಗಳ ಮೇಲೆ ಐದು ದೊಡ್ಡ ಬೆಂಕಿಯ ಆಕೃತಿಗಳನ್ನು ಉರಿಸಿ ಅವರನ್ನು ಬೀಳ್ಕೊಡುತ್ತಾರೆ. ಮಕ್ಕಳು ಈ ಕೋಣೆಯಲ್ಲಿ ಕುಳಿತು ಸೌತೆಕಾಯಿ ಕುದುರೆ ಮಾಡಲಿ. ಅಸ್ಥಿ ಆಯುವ ಅಣಕು ಮಾತ್ರ ಬೇಡ, ಪ್ಲಾಸ್ಟಿಕ್ ಎಲುಬುಗಳಿಂದ ಕೂಡ ಬೇಡ. ಕುದುರೆ ಮಾಡುವುದು ಜಪಾನಿ ಮಕ್ಕಳೂ ನಗುತ್ತ ಮಾಡುವ ಕೆಲಸ, ಅಸ್ಥಿ ಆಯುವುದು ಹಾಗಲ್ಲ.

ಮುಟ್ಟಬಾರದ್ದು ಯಾವುದು?

ಯಾವುದನ್ನು ಮುಟ್ಟಲು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕವನ್ನು ಜಪಾನಿನ ಸಂಗ್ರಹಾಲಯಗಳ ಇತ್ತೀಚಿನ ಇತಿಹಾಸವೇ ಕಲಿಸುತ್ತದೆ. ಹಿರೋಷಿಮಾ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿ ಸುಟ್ಟ ಚರ್ಮ ಜೋತುಬಿದ್ದ ಗಾಯಾಳುಗಳ ಬೊಂಬೆಗಳಿದ್ದವು. 2017ರ ಏಪ್ರಿಲ್‌ನಲ್ಲಿ ಅವನ್ನು ತೆಗೆದರು. ತೆಗೆಯಬಾರದೆಂದು ಹಲವರು ವಿರೋಧಿಸಿದರು. ಸತ್ತವರು ಬಿಟ್ಟುಹೋದ ನಿಜವಾದ ವಸ್ತುಗಳೇ ಮಾತಾಡಲಿ ಎಂಬುದು ಸಂಗ್ರಹಾಲಯದ ನಿಲುವು. ಅಲ್ಲಿ ಒಂದು ಮೂರು ಚಕ್ರದ ಸೈಕಲ್ ಇದೆ. 1945ರ ಆಗಸ್ಟ್ 6ರಂದು ಅದನ್ನು ಆಡುತ್ತಿದ್ದ ಮೂರು ವರ್ಷದ ಮಗುವನ್ನು ತಂದೆ ಸೈಕಲ್‌ನೊಂದಿಗೇ ಹಿತ್ತಲಲ್ಲಿ ಹೂತರು. ನಲವತ್ತು ವರ್ಷಗಳ ಮೇಲೆ, 1985ರಲ್ಲಿ, ಅಸ್ಥಿಯನ್ನು ಕುಟುಂಬದ ಸಮಾಧಿಗೆ ಸಾಗಿಸಿ ಸೈಕಲನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಅದರ ಪಕ್ಕ ಯಾವ ಗುಂಡಿಯೂ ಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಉತ್ತರದ ಐನು ಜನಾಂಗದ್ದು. ಸಂಶೋಧನೆಯ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು ಅವ‌ರ ಸಮಾಧಿಗಳನ್ನು ಅಗೆದು ಅಸ್ಥಿಗಳನ್ನು ಒಯ್ದಿದ್ದವು. ನ್ಯಾಯಾಲಯದಲ್ಲಿ ಹೋರಾಟ ನಡೆದು ರಾಜಿಯಾದ ಮೇಲೆ 2016ರಲ್ಲಿ ಹೊಕ್ಕೈಡೋ ವಿಶ್ವವಿದ್ಯಾಲಯ ಕೆಲವನ್ನು ಹಿಂದಿರುಗಿಸಿತು. 2020ರಲ್ಲಿ ಶಿರಾವೊಯಿಯಲ್ಲಿ ಐನು ರಾಷ್ಟ್ರೀಯ ಸಂಗ್ರಹಾಲಯ ತೆರೆದಾಗ ಅಸ್ಥಿಗಳಿಗೆಂದು ಪ್ರದರ್ಶನದಿಂದ ದೂರ ಬೇರೆಯೇ ಸ್ಮಾರಕವನ್ನು ಕಟ್ಟಿದರು. ಅಸ್ಥಿ ಪ್ರದರ್ಶನದ ವಸ್ತುವಲ್ಲ, ಯಾರದೋ ಅಜ್ಜ ಅಜ್ಜಿ ಎಂದು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಮೂರನೆಯದು ಸಂಗ್ರಹಾಲಯವೇ ಅಲ್ಲ. ಇವಾತೆ ಪ್ರಾಂತದ ಓತ್ಸುಚಿ ಎಂಬ ಊರಿನ ಗುಡ್ಡದ ಮೇಲೆ 2010ರಲ್ಲಿ ತೋಟಗಾರರೊಬ್ಬರು ತೀರಿಕೊಂಡ ತಮ್ಮ ಬಂಧುವಿನೊಂದಿಗೆ ಮಾತಾಡಲೆಂದು ಒಂದು ದೂರವಾಣಿ ಪೆಟ್ಟಿಗೆ ಇಟ್ಟರು. ಅದಕ್ಕೆ ತಂತಿಯ ಸಂಪರ್ಕವಿಲ್ಲ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ ಆ ಊರನ್ನು ಕೊಚ್ಚಿಹಾಕಿದ ಮೇಲೆ ಅವರು ಅದನ್ನು ಎಲ್ಲರಿಗೂ ತೆರೆದರು. ಜನ ಬಂದು ಹಳೆಯ ನಂಬರು ತಿರುಗಿಸಿ, ಸತ್ತವರೊಂದಿಗೆ ಮಾತಾಡಿ ಹೋಗುತ್ತಾರೆ. ಅದಕ್ಕೆ ‘ಗಾಳಿಯ ದೂರವಾಣಿ’ ಎಂದು ಹೆಸರು. ಅಮಿತಾಭನ ಕೈಯಿಂದ ಸಾಯುವವನ ಕೈಗೆ ಕಟ್ಟುತ್ತಿದ್ದ ದಾರಕ್ಕೂ ಇದಕ್ಕೂ ಸಾವಿರ ವರ್ಷಗಳ ಅಂತರ. ಎರಡರಲ್ಲೂ ಯಂತ್ರ ಏನೂ ಮಾಡುವುದಿಲ್ಲ, ಹಿಡಿದವರು ಮಾಡುತ್ತಾರೆ.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಶವಯಾತ್ರೆಯ ದೃಶ್ಯವನ್ನು ಎಷ್ಟು ಹೊತ್ತು ತೋರಿಸಬೇಕೆಂಬ ಪ್ರಶ್ನೆ ಆಗಾಗ ಎದುರಾಗುತ್ತದೆ. ಅದಕ್ಕೆ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ. ಸತ್ತವರ ಮನೆಯವರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಾರೆಂದು ಭಾವಿಸಿಕೊಂಡರೆ ಉತ್ತರ ಸಾಮಾನ್ಯವಾಗಿ ಹೊಳೆಯುತ್ತದೆ. ಈ ಪ್ರದರ್ಶನ ಮಂದಿರಕ್ಕೂ ಅದೇ ಪರೀಕ್ಷೆ ಸಾಕು. ಜಪಾನಿನ ಹಳ್ಳಿಯ ಒಬ್ಬ ಅಜ್ಜಿಯನ್ನು ಐದು ಕೋಣೆಗಳಲ್ಲೂ ಕೈಹಿಡಿದು ನಡೆಸಿಕೊಂಡು ಹೋಗಬೇಕು. ದಫ್ತರಿನ ಕೋಣೆಯಲ್ಲಿ ಅವಳು ಮೌನವಾದರೆ, ಯಮನ ಕನ್ನಡಿಯ ಮುಂದೆ ಸ್ವಲ್ಪ ನಕ್ಕರೆ, ಸೌತೆಕಾಯಿ ಕುದುರೆಯ ಕಾಲು ಸೊಟ್ಟಗಿದೆಯೆಂದು ಸರಿಮಾಡಿಕೊಟ್ಟರೆ, ನಾವು ಮಾಡಿದ್ದು ಬಹುಮಟ್ಟಿಗೆ ಸರಿಯಾಗಿದೆ ಎಂದು ತಿಳಿಯಬಹುದು.